ಏಳನೇ ಗೋಲಿ

ಮೂರನೆಯ ಗಾಜು ಒಡೆದ ದಿನ ಅಪ್ಪ ಬೈಯಲಿಲ್ಲ. ಬೈದಿದ್ದರೆ ಪುಟ್ಟಿಗೆ ಎಷ್ಟೋ ಹಗುರಾಗುತ್ತಿತ್ತು. ಪಿಕಪ್ಪಿನ ಹಿಂಬದಿಯ ಮರದ ಚೌಕಟ್ಟಿನಲ್ಲಿ ಕಂಬಳಿ ಹೊದ್ದು ನಿಂತಿದ್ದ ಆಳೆತ್ತರದ ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತ್ತು. ಅಪ್ಪ ಬಿರುಕಿನ ಪಕ್ಕದಲ್ಲೇ ಬೆರಳಾಡಿಸಿ, ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಊಟಕ್ಕೆ ಕುಳಿತಾಗ ಬಾಯಿ ಬಿಟ್ಟರು.

“ಭಾನುವಾರದವರೆಗೆ ನೋಡ್ತೀನಿ ಪುಟ್ಟಿ. ಆಮೇಲೆ ಕೀ ತಮ್ಮನ ಕೈಗೆ ಕೊಟ್ಬಿಡು. ನೀನು ಅಂಗಡಿ ನೋಡ್ಕೋ.”

ಮೂವತ್ತೆರಡು ತುಂಬಿದ್ದರೂ ಮನೆಗೆ ಅವಳು ಪುಟ್ಟಿಯೇ. ಗಾಜು ಕೊಯ್ಯುವುದರಲ್ಲಿ ಅಪ್ಪನನ್ನೂ ಮೀರಿಸಿದ್ದಾಳೆ ಎಂದು ಗಿರಾಕಿಗಳು ಅಪ್ಪನ ಎದುರೇ ಹೇಳುತ್ತಿದ್ದರು, ಅಪ್ಪ ನಗುತ್ತಿದ್ದರು. ಆದರೆ ಕೊಯ್ದ ಗಾಜನ್ನು ಕೂದಲು ಕೊಂಕದಂತೆ ಮನೆ ಮುಟ್ಟಿಸುವವನೇ ನಿಜವಾದ ಕಸುಬುದಾರ ಎನ್ನುವುದು ಅವರ ಹಟದ ನಂಬಿಕೆ. ಹಾಗಾಗಿ ಇಷ್ಟು ವರ್ಷ ಪಿಕಪ್ಪಿನ ಸ್ಟೀರಿಂಗನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ಕಣ್ಣಿನ ಡಾಕ್ಟರು “ಇನ್ನು ರಸ್ತೆಗೆ ಇಳೀಬೇಡಿ” ಅಂದ ಮೇಲೆ, ನಲವತ್ತು ದಿನದ ಕೆಳಗೆ, ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ್ದರು. ತಮ್ಮನಿಗಲ್ಲ, ಅವಳಿಗೆ. ಆ ರಾತ್ರಿ ಅವಳಿಗೆ ಖುಷಿಗೆ ನಿದ್ದೆ ಹತ್ತಿರಲಿಲ್ಲ. ಈಗ ಅದೇ ಕೀ ವಾಪಸು ಕೊಡುವ ಮಾತು.

ಗಾಡಿ ಹಳೆಯದು, ಆದರೆ ಆಟೋಮ್ಯಾಟಿಕ್. ಕ್ಲಚ್ ಇಲ್ಲ, ವೇಗ ಏರಿದಂತೆ ಗೇರು ತಾನೇ ಬದಲಾಗುತ್ತದೆ. ಒಂದರಿಂದ ಎರಡಕ್ಕೆ ಸದ್ದಿಲ್ಲದೆ ಹೋಗುತ್ತಿತ್ತು. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಯಾರೋ ಹಿಂದಿನಿಂದ ಒದ್ದ ಹಾಗೆ ‘ಧಡ್’ ಎನ್ನುತ್ತಿತ್ತು. ಅಪ್ಪನ ಕೈಯಲ್ಲಿ ಹತ್ತೊಂಬತ್ತು ವರ್ಷ ಒಮ್ಮೆಯೂ ಹಾಗೆ ಅಂದಿರಲಿಲ್ಲ. ಅವಳ ಕೈಗೆ ಬಂದ ಮೊದಲ ದಿನದಿಂದಲೇ ಶುರು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಮನೆಯಲ್ಲಿ ಯಾರೂ ಹೇಳದಿದ್ದರೂ ಎಲ್ಲರ ಮುಖದಲ್ಲೂ ಅದೇ ಬರೆದಿತ್ತು. ಅವಳೂ ಅದನ್ನೇ ನಂಬತೊಡಗಿದ್ದಳು ಎನ್ನುವುದು ಎಲ್ಲಕ್ಕಿಂತ ಕೆಟ್ಟ ಸಂಗತಿ.

ಶುಕ್ರವಾರ ಬೆಳಿಗ್ಗೆ ಗಾಡಿಯನ್ನು ಮೇಷ್ಟ್ರ ಗ್ಯಾರೇಜಿಗೆ ಒಯ್ದಳು. ಅವರು ಶಾಲೆಯ ಮೇಷ್ಟ್ರಲ್ಲ. ಪಾಠ ಹೇಳದೆ ಒಂದು ಬೋಲ್ಟೂ ಬಿಚ್ಚಲಾರರು, ಅದಕ್ಕೇ ಆ ಹೆಸರು. ಹತ್ತೊಂಬತ್ತು ವರ್ಷದ ಹಿಂದೆ ಈ ಗೇರ್‌ಬಾಕ್ಸನ್ನು ಪೂರಾ ಬಿಚ್ಚಿ, ಒಳಭಾಗ ಹೊಸದು ಹಾಕಿ ಮತ್ತೆ ಕಟ್ಟಿದವರು ಅವರೇ. “ಆ ಕೈಗೆ ಚಿನ್ನದ ಕಡಗ ತೊಡಿಸಬೇಕು” ಎಂದು ಅಪ್ಪ ಅಂದಿನಿಂದ ಇಂದಿನವರೆಗೆ ಹೇಳುತ್ತಲೇ ಇದ್ದಾರೆ, ಕಡಗ ಮಾತ್ರ ಯಾರೂ ಕಂಡಿಲ್ಲ.

ಮೇಷ್ಟ್ರು ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಕೆಂಪಗೆ, ತಿಳಿಯಾಗಿತ್ತು. ಮೂಸಿದರು. “ಸುಟ್ಟ ವಾಸನೆ ಇಲ್ಲ. ಒಳಗಿನ ಪ್ಲೇಟುಗಳು ಚೆನ್ನಾಗಿವೆ.” ಎಂಜಿನ್ನಿನಿಂದ ಬರುವ ರಬ್ಬರ್ ಕೊಳವೆಯನ್ನು ಬೆರಳಲ್ಲಿ ಒತ್ತಿ, ಬಗ್ಗಿಸಿ, ಬಿರುಕು ಹುಡುಕಿದರು. ಇರಲಿಲ್ಲ. ಆಕ್ಸಿಲರೇಟರಿನ ಕೇಬಲ್ ಅಳತೆ ಸರಿ. ಗೇರ್‌ಬಾಕ್ಸಿಗೆ ಮೀಟರು ಸಿಕ್ಕಿಸಿ ನೋಡಿದರೆ ಎಣ್ಣೆಯ ಒತ್ತಡವೂ ಸರಿಯೇ. ಮಧ್ಯಾಹ್ನದ ಹೊತ್ತಿಗೆ ಅವರು ಪಾಠ ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದರು.

“ನಡಿಯಮ್ಮ, ನೀನೇ ಓಡಿಸು. ನಾನು ಕೂತು ನೋಡ್ತೀನಿ.”

ಗ್ಯಾರೇಜಿನ ಹಿಂದೆ ಮುಚ್ಚಿಹೋದ ಗಿರಣಿಯೊಂದರ ಉದ್ದನೆಯ ಅಂಗಳವಿತ್ತು. ಮೇಷ್ಟ್ರು ಲೋಟದ ತುಂಬ ನೀರು ಹಿಡಿದು ಪಕ್ಕದಲ್ಲಿ ಕುಳಿತರು. ಗಾಡಿ ಎರಡನೇ ಗೇರಿನಿಂದ ಮೂರಕ್ಕೆ ಹೋಯಿತು. ಧಡ್! ಅರ್ಧ ಲೋಟ ಅವರ ಪ್ಯಾಂಟಿನ ಮೇಲೆ.

“ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು” ಎಂದು ಗೊಣಗಿ, ಒದ್ದೆ ಒರೆಸಿಕೊಳ್ಳುತ್ತ ಕೇಳಿದರು: “ಇದು ಶುರುವಾಗಿದ್ದು ಯಾವತ್ತು?”

“ಕೀ ನನ್ನ ಕೈಗೆ ಬಂದ ದಿನ.” ಅವಳು ಗಾಡಿ ನಿಲ್ಲಿಸಿದಳು. “ನಾನೇ ಏನೋ ಹಾಳು ಮಾಡಿದೀನಿ ಮಾಮ.”

“ಆವತ್ತು ಗಾಡೀಲಿ ಏನು ಬದಲಾಯ್ತು?”

“ಏನೂ ಇಲ್ಲ. ನಾನು ಬಂದೆ, ಅಷ್ಟೇ.”

“ನೀನು ಬಂದೆ. ಮತ್ತೆ ಅಪ್ಪ ಹೋದ್ರು.” ಮೇಷ್ಟ್ರು ಲೋಟದಲ್ಲಿ ಉಳಿದ ನೀರನ್ನು ಕುಡಿದುಬಿಟ್ಟರು. “ನಾಳೆ ಅವರನ್ನ ಕರ್ಕೊಂಡು ಬಾ.”

ಶನಿವಾರ ಅಪ್ಪ ಮುಖ ಗಂಟು ಹಾಕಿಕೊಂಡೇ ಬಂದರು. ಬಟಾಬಯಲಿನಂಥ ಅಂಗಳ, ಒಂದು ನರಪಿಳ್ಳೆಯೂ ಇಲ್ಲ, ಕಣ್ಣು ಮಂಜಾಗಿದ್ದರೂ ಓಡಿಸಲು ಭಯವಿರಲಿಲ್ಲ. ಉದ್ದನೆಯ ಸೀಟಿನ ನಡುವೆ ಪುಟ್ಟಿ ಕುಳಿತಳು. ಲೋಟ ಈ ಸಲ ಅವಳ ಕೈಯಲ್ಲಿ, ಅಂಚಿನವರೆಗೆ ತುಂಬಿ. ಗಾಡಿ ಹೊರಟಿತು. ಒಂದು, ಎರಡು. ಅವಳು ಲೋಟವನ್ನು ಮೈಯಿಂದ ದೂರ ಹಿಡಿದಳು. ಮೂರು. ನೀರಿನ ಮೇಲೊಂದು ಗೆರೆ ಮೂಡಿ ಮಾಯವಾಯಿತು, ಒಂದು ಹನಿ ಚೆಲ್ಲಲಿಲ್ಲ.

“ನೋಡಿದ್ಯಾ?” ಎಂದರು ಅಪ್ಪ. ದನಿಯಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು. ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಮಾತ್ರ “ಇನ್ನೊಂದು ಸುತ್ತು” ಎಂದವರೇ ಸೀಟಿನಿಂದ ಕೆಳಗೆ ಜಾರಿ, ಡ್ಯಾಶ್‌ಬೋರ್ಡಿನ ಅಡಿ ತಲೆ ತೂರಿಸಿ ಮುದುರಿಕೊಂಡರು. ಅಪ್ಪನಿಗೆ ನಗು ಬಂತು. “ಏನ್ರೀ, ಅಲ್ಲೇನು ಕಳ್ಕೊಂಡಿದೀರಿ?”

“ನೀವು ಓಡಿಸಿ.” ಆಮೇಲೆ ಅವರು ಪುಟ್ಟಿಯ ಪಾದವನ್ನು ಮೆಲ್ಲಗೆ ತಟ್ಟಿದರು. “ನೀರು ನೋಡ್ಬೇಡ. ಕಾಲು ನೋಡು.”

ಅವಳು ಅಪ್ಪನ ಬಲಗಾಲು ನೋಡಿದಳು. ಸವೆದ ಚಪ್ಪಲಿ ಆಕ್ಸಿಲರೇಟರಿನ ಮೇಲೆ ನಿಂತಿತ್ತು. ಎರಡನೇ ಗೇರು ಏರಿತು, ಎಂಜಿನ್ನಿನ ಸದ್ದು ತುಂಬಿಬಂತು. ಮೂರು ಬೀಳುವುದಕ್ಕೆ ಒಂದು ಗಳಿಗೆ ಮುಂಚೆ ಆ ಕಾಲು ನೂಲಿನಷ್ಟು ಮೇಲೆದ್ದಿತು. ಗೇರು ಬಿತ್ತು. ಕಾಲು ಮತ್ತೆ ಇಳಿಯಿತು. ದೊಡ್ಡ ಗಾಜನ್ನು ಮೇಜಿಗೆ ಇಳಿಸುವಾಗ ಕೊನೆಯ ಅಂಗುಲದಲ್ಲಿ ಕೈ ತಡೆಯುತ್ತದಲ್ಲ, ಹಾಗೆ.

“ಅಪ್ಪ, ಕಾಲು ಯಾಕೆ ಎತ್ತಿದ್ರಿ?”

“ಯಾವ ಕಾಲು? ನಾನೆಲ್ಲಿ ಎತ್ತಿದೆ?” ಅಪ್ಪ ನಿಜಕ್ಕೂ ಬೆಪ್ಪಾದರು. ಐದು ಸುತ್ತು ಹೊಡೆದರು. ಐದು ಸಲವೂ ಕಾಲು ಎದ್ದಿತು. ಐದು ಸಲವೂ ಅಪ್ಪ ಇಲ್ಲ ಎಂದು ಆಣೆ ಮಾಡಿದರು.

ಮಧ್ಯಾಹ್ನ ಮೇಷ್ಟ್ರು ಗಾಡಿಯ ಅಡಿಯಲ್ಲಿ ಮಲಗಿ ಎಣ್ಣೆ ಇಳಿಸಿದರು. ಅಡಿಯ ಎಣ್ಣೆತಟ್ಟೆ ಬಿಚ್ಚಿ, ಒಳಗಿನಿಂದ ಎರಡು ಅಂಗೈ ಅಗಲದ ಅಲ್ಯೂಮಿನಿಯಂ ಎರಕದ ಪೆಟ್ಟಿಗೆಯೊಂದನ್ನು ಹುಷಾರಾಗಿ ತಂದು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದರು. ಪುಟ್ಟಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಒಳಗೆಲ್ಲ ಕಾಲುವೆಗಳು. ಒಂದರೊಳಗೊಂದು ಸುತ್ತಿ, ತಿರುಗಿ, ಕವಲೊಡೆದು, ಎಲ್ಲೋ ಮುಳುಗಿ ಇನ್ನೆಲ್ಲೋ ಎದ್ದು ಬರುವ ಬೆರಳಗಲದ ಕಾಲುವೆಗಳು. ಎಲ್ಲದರಲ್ಲೂ ಕೆಂಪೆಣ್ಣೆ ಮಿನುಗುತ್ತಿತ್ತು.

“ಇದರಲ್ಲಿ ಕರೆಂಟಿಲ್ಲ, ಕಂಪ್ಯೂಟರಿಲ್ಲ” ಎಂದರು ಮೇಷ್ಟ್ರು. ದನಿ ತಾನಾಗಿ ತಗ್ಗಿತ್ತು. “ಏರು ಬಂತಾ, ಇಳಿಜಾರಾ, ಹೊರೆ ಎಷ್ಟಿದೆ, ಎಲ್ಲಾನೂ ಈ ಎಣ್ಣೆನೇ ಲೆಕ್ಕ ಹಾಕತ್ತೆ. ನಲವತ್ತು ವರ್ಷದಿಂದ ನೋಡ್ತಿದೀನಿ, ಇವತ್ತಿಗೂ ಮೈ ಜುಮ್ಮನ್ನತ್ತೆ.”

ಪುಟ್ಟಿಗೂ ಜುಮ್ಮೆಂದಿತು. ಇಷ್ಟು ದಿನ ತನ್ನ ಸೀಟಿನ ಅಡಿಯಲ್ಲಿ ಇಂಥದ್ದೊಂದು ಊರೇ ಇತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕಾಲುವೆಗಳ ತಿರುವುಗಳಲ್ಲಿ ಬಟಾಣಿ ಗಾತ್ರದ ಉಕ್ಕಿನ ಗೋಲಿಗಳು ಕುಳಿತಿದ್ದವು. ಗೇರು ಬದಲಾಗುವಾಗ ಎಣ್ಣೆ ನುಗ್ಗಿದರೆ ಗೋಲಿ ಉರುಳಿ ದೊಡ್ಡ ತೂತು ಮುಚ್ಚುತ್ತದೆ, ಎಣ್ಣೆ ಪಕ್ಕದ ಸೂಜಿತೂತಿನಿಂದ ನಿಧಾನವಾಗಿ ಹೋಗಬೇಕಾಗುತ್ತದೆ, ಗೇರು ಮೆತ್ತಗೆ ಕೂರುತ್ತದೆ. ಮೇಷ್ಟ್ರು ಇಷ್ಟು ವಿವರಿಸಿ ಟಾರ್ಚ್ ಬೆಳಕು ಬಿಟ್ಟರು. “ಏಳಿರಬೇಕು. ನಿನ್ನ ಕಣ್ಣು ಚುರುಕು, ಎಣಿಸು.”

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಣಿಸಿದಳು. ಆರು. ಮತ್ತೆ ಎಣಿಸಿದಳು. ಆರೇ. ಮೂರನೇ ಗೇರಿನ ಕಾಲುವೆಯ ಬಾಯಲ್ಲಿ ಒಂದು ಗುಂಡನೆಯ ಕುಳಿ ಖಾಲಿ ಇತ್ತು. ಗೋಲಿ ಕೂತಿದ್ದರೆ ಅಂಚಿನಲ್ಲಿ ಬಳೆಯಂಥ ಸವೆದ ಗುರುತು ಮೂಡಿರುತ್ತಿತ್ತು. ಅಲ್ಲಿ ಒಂದು ಗೀರೂ ಇರಲಿಲ್ಲ.

ಮೇಷ್ಟ್ರು ಆ ಕುಳಿಗೆ ಬೆರಳಿಟ್ಟು ನೋಡಿದರು. ಗೋಲಿ ಸವೆದು ಹೋಗಿದೆ ಎಂದಿದ್ದರೆ ಅಪ್ಪ, ಮಗಳು ಇಬ್ಬರೂ ನಂಬುತ್ತಿದ್ದರು, ಯಾರು ಕೇಳುವವರು? ಅವರು ಕೈ ಒರೆಸಿಕೊಂಡು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಪ್ಪನನ್ನು ಕರೆದರು.

“ನಂದೇ ತಪ್ಪು. ಆವತ್ತು ಕಟ್ಟುವಾಗ ಒಂದು ಗೋಲಿ ಹಾಕೋದು ಮರೆತಿದೀನಿ. ಗಾಡಿ ಆಗ್ಲಿಂದಾನೂ ಒದೀತಿತ್ತು.”

“ಎಲ್ಲಿ ಒದೀತಿತ್ತು? ನಂಗೆ ಗೊತ್ತೇ ಆಗಿಲ್ವಲ್ಲ” ಎಂದ ಅಪ್ಪನಿಗೆ ಏನೋ ನೆನಪಾಯಿತು. “ರಿಪೇರಿ ಆದ ಹೊಸದರಲ್ಲಿ ಒಂದು ಕನ್ನಡಿ ಒಡೆದಿತ್ತು. ರಸ್ತೆ ಕೆಟ್ಟಿದೆ ಅಂತ ಬೈಕೊಂಡಿದ್ದೆ.”

“ಆಮೇಲೆ ಒಡೀಲಿಲ್ಲ. ಯಾಕಂದ್ರೆ ನಿಮ್ಮ ಕಾಲು ಕಲಿತುಬಿಡ್ತು. ಕಾಲೆತ್ತಿದ ತಕ್ಷಣ ಎಣ್ಣೆಯ ಒತ್ತಡ ಇಳೀತಿತ್ತು, ಗೇರು ಮೆತ್ತಗೆ ಕೂರ್ತಿತ್ತು. ನಿಮಗೇ ಹೇಳದೆ ಕಾಲು ಆ ಕೆಲಸ ಮಾಡ್ಕೊಂಡು ಬಂದಿದೆ. ದಿನಕ್ಕೆ ನೂರು ಸಲ ಅಂದ್ರೂ ಹತ್ತೊಂಬತ್ತು ವರ್ಷಕ್ಕೆ ಐದು ಲಕ್ಷ ಸಲ ದಾಟತ್ತೆ.” ಮೇಷ್ಟ್ರು ಖಾಲಿ ಕುಳಿಯನ್ನು ತೋರಿಸಿದರು. “ಏಳನೇ ಗೋಲಿ ನಿಮ್ಮ ಕಾಲಲ್ಲಿತ್ತು ಸ್ವಾಮಿ.”

ಮೂವರೂ ಆ ಚಪ್ಪಲಿಯನ್ನೇ ನೋಡುತ್ತ ನಿಂತರು. ಅಪ್ಪ ನಾಚಿ ಕಾಲು ಹಿಂದೆಳೆದುಕೊಂಡರು. ಪುಟ್ಟಿಗೆ ಅಳುವೋ ನಗುವೋ ತಿಳಿಯಲಿಲ್ಲ. ತಾನು ಏನನ್ನೂ ಹಾಳು ಮಾಡಿರಲಿಲ್ಲ ಎನ್ನುವ ಸಮಾಧಾನಕ್ಕಿಂತ ದೊಡ್ಡದು ಏನೋ ಎದೆ ತುಂಬಿತ್ತು. ಈ ಮನುಷ್ಯನಿಗೆ ತನ್ನ ಕೈ ಗೊತ್ತು, ತನ್ನ ಗಾಜು ಗೊತ್ತು, ತನ್ನ ಕಾಲು ಮಾತ್ರ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೊಸ ಗೋಲಿ ಕೂತ ಗಾಡಿಯನ್ನು ಅಪ್ಪ ಅಂಗಳದಲ್ಲಿ ಓಡಿಸಿ ನೋಡಿದರು. ಕಾಲೆತ್ತಬಾರದೆಂದು ಹಲ್ಲು ಕಚ್ಚಿ ಕುಳಿತರೂ ಕಾಲು ಕೇಳಲಿಲ್ಲ, ಎದ್ದೇ ಎದ್ದಿತು. ಮೂರು ಸುತ್ತಾದ ಮೇಲೆ ಗಾಡಿ ನಿಲ್ಲಿಸಿ ಕೀ ಕಿತ್ತರು.

“ಇದು ಇನ್ನು ನನ್ನ ಗಾಡಿ ಅಲ್ಲ. ನಿನ್ನ ಮೇಲೆ ತಪ್ಪು ಹೊರಿಸಿಬಿಟ್ಟೆ ಪುಟ್ಟಿ. ತಗೋ.” ಬೆರಳು ಮಡಿಸುವ ಮುಂಚೆ ಅವಳ ಕೈಯನ್ನು ಒಂದು ಕ್ಷಣ ಹಾಗೇ ಹಿಡಿದುಕೊಂಡರು.

ಅಲ್ಲಿಂದ ಅಂಗಡಿಗೆ ಹೋಗಿ, ಕೊಯ್ದಿಟ್ಟಿದ್ದ ಹೊಸ ಕನ್ನಡಿಯನ್ನು ಹಿಂದೆ ನಿಲ್ಲಿಸಿ, ಗಿರಾಕಿಯ ಮನೆಗೆ ಹೊರಟರು. ಸ್ಟೀರಿಂಗ್ ಪುಟ್ಟಿಯ ಕೈಯಲ್ಲಿ, ಅಪ್ಪ ಪಕ್ಕದಲ್ಲಿ. ಒಂದು, ಎರಡು. ಎಂಜಿನ್ನಿನ ಸದ್ದು ತುಂಬಿಬಂತು. ಅವಳು ಕಾಲನ್ನು ಕದಲಿಸಲಿಲ್ಲ. ಮೂರು ಬಿದ್ದದ್ದು ಗೊತ್ತೇ ಆಗಲಿಲ್ಲ, ಹಿಂದೆ ಕನ್ನಡಿ ಸುಮ್ಮನೆ ನಿಂತಿತ್ತು.

ತಿರುವೊಂದು ದಾಟಿ ಮತ್ತೆ ವೇಗ ಏರುವಾಗ ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದಳು. ಅಪ್ಪ ಕಿಟಕಿಯ ಆಚೆ ನೋಡುತ್ತ ಏನೋ ಹೇಳುತ್ತಿದ್ದರು. ಅವರ ಬಲಗಾಲು ಮಾತ್ರ, ಗೇರು ಬೀಳುವುದಕ್ಕೆ ಒಂದು ಗಳಿಗೆ ಮುಂಚೆ, ಬರಿಯ ಮ್ಯಾಟಿನ ಮೇಲೆ ನೂಲಿನಷ್ಟು ಎದ್ದು ಮತ್ತೆ ಇಳಿಯಿತು.