ಕಿವಿಗೆ ಕೈಯಿಟ್ಟ ನೆರಳು

ಮತ್ತೆ ಅಲ್ಲೇ, ಬಿಳಿ ಗೋಡೆಯ ಎಡ ಮೂಲೆಯಲ್ಲಿ, ಕಪ್ಪಗೆ ಏನೋ — ಪರದೆಯ ಮೇಲಿನ ಧೂಳಿರಬೇಕೆಂದು ದುಪಟ್ಟಾದಿಂದ ಒರೆಸಿದೆ, ಧೂಳಲ್ಲ, ಗೋಡೆಯೊಳಗೇ ಇದೆ, ಆ ಗೋಡೆಯೋ ನಾನೇ ಕಟ್ಟಿದ್ದು, ವಿಡಿಯೋ ಗೇಮ್ ಮಾಡುವ ತಂತ್ರಾಂಶದಲ್ಲಿ ಕೂತು ಕಟ್ಟಿದ ಹಜಾರ, ಮೇಲಕ್ಕೆ ಹರಿಯುವ ನೀರು, ಉಬ್ಬಿ ಇಳಿಯುವ ಹಳದಿ, ಓಡುವುದಕ್ಕೂ ಗೆಲ್ಲುವುದಕ್ಕೂ ಏನೂ ಇಲ್ಲದ ಆಟ, ಅದರೊಳಗೆ ನನ್ನ ಕ್ಯಾಮೆರಾ ಮಾತ್ರ ತೇಲಬೇಕು, ಈ ಸಿನಿಮಾದಲ್ಲಿ ಮನುಷ್ಯರ ಸುಳಿವೇ ಇರಕೂಡದು, ಅದೊಂದೇ ನನ್ನ ಹಟ, ಈಗ ನೋಡಿದರೆ ಮನುಷ್ಯನ ನೆರಳು, ನಿಂತಿದೆ, ಬಲಗೈ ಎತ್ತಿ ಕಿವಿಗೆ ಇಟ್ಟುಕೊಂಡು ನಿಂತಿದೆ, ಅದು ಯಾರ ಕೈಯೆಂದು ನನಗೆ ಗೊತ್ತಾಗುವುದಿಲ್ಲವೇ, ಭಾವನ ಕೈ. ಸುಮ್ಮನೆ ನಿಂತರೆ ಸಾಕು ಅಕ್ಕನ ಗಂಡನ ಕೈ ಹೋಗುವುದೇ ಅಲ್ಲಿಗೆ, ನನ್ನ ಸಿನಿಮಾಗಳಿಗೆಲ್ಲ ಸದ್ದು ಕೂಡಿಸುವವರು, ಹೆಡ್‌ಫೋನ್ ಇರಲಿ ಬಿಡಲಿ ಕಿವಿ ಒತ್ತಿ ಹಿಡಿಯುವ ಚಾಳಿ, ಅಕ್ಕ ಆಡಿಕೊಳ್ಳುತ್ತಾಳೆ, ಊರ ಸದ್ದೆಲ್ಲ ಕೇಳ್ಸುತ್ತೆ ಕಣೇ ಇವ್ರಿಗೆ, ನಾನು ಕರೆದ್ರೆ ಮಾತ್ರ ಕಿವುಡು. ಮೊದಲ ದಿನವೇ ಅವರು ತಕರಾರು ತೆಗೆದಿದ್ದರು, ಯಾರೂ ಇಲ್ದೇ ಇದ್ರೆ ಹೆಂಗಮ್ಮ, ನಾನು ಹಾಕೋ ಸದ್ದನ್ನ ಅಲ್ಲಿ ಕೇಳೋರ್ಯಾರು, ಮೂಲೇಲೊಬ್ಬ ಇರ್ಲಿ ಬಿಡು, ನಾನು ಬೇಡವೆಂದೆ, ಅವರು ನಕ್ಕರು, ಆ ನಗುವನ್ನು ಅಂದೇ ಅರ್ಥ ಮಾಡಿಕೊಳ್ಳಬೇಕಿತ್ತು, ಸದ್ದುಗಳನ್ನು ಅಲ್ಲಲ್ಲಿ ಇಡಲು ತಮ್ಮ ಮನೆಯಿಂದಲೇ ಈ ಹಜಾರದೊಳಕ್ಕೆ ಬರುತ್ತಾರೆ, ಪಾಸ್‌ವರ್ಡ್ ಕೊಟ್ಟವಳೂ ನಾನೇ, ಈ ಕೋಣೆಯ ಕೀಲಿಯನ್ನು ಕೊಟ್ಟವಳೂ ನಾನೇ, ಕಣ್ಣಿಗೆ ಮಣ್ಣೆರಚಲು ಇನ್ನೇನು ಬೇಕು. ಬೆಳಿಗ್ಗೆ ಫೋನಿನಲ್ಲಿ ಕೇಳಿಯೇಬಿಟ್ಟೆ, ನಾನಿಲ್ಲದಾಗ ಒಳಗೆ ಬಂದು ನಿಲ್ತೀರಾ ಭಾವ, ನನ್ನ ಸಿನಿಮಾ ಕೆಡಿಸೋಕೆ, ಆ ಕಡೆಯಿಂದ ಅವರು, ನನ್ನನ್ನ ಇಷ್ಟೇನಾ ತಿಳ್ಕೊಂಡಿದ್ದು, ಸರಿಯಮ್ಮ, ಕೀಲಿ ತಂದುಕೊಡ್ತೀನಿ, ಬೇರೆಯವರನ್ನ ನೋಡ್ಕೋ. ನೋಡಿಕೊಂಡರಾಯಿತು, ಸದ್ದು ಕೂಡಿಸುವವರಿಗೇನು ಬರವೇ, ಕಳ್ಳನಲ್ಲದವನು ವಾದ ಮಾಡುತ್ತಿದ್ದ, ಅಷ್ಟು ಬೇಗ ಒಪ್ಪುತ್ತಿರಲಿಲ್ಲ.

ಕ್ಯಾಮೆರಾ ಬಲಕ್ಕೆ ಸರಿಸುತ್ತೇನೆ, ಅಯ್ಯೋ, ಇದು ರೆಕಾರ್ಡಿಂಗ್ ಅಲ್ಲ, ಆಟದ ಹಜಾರ ಈಗಲೂ ತೆರೆದೇ ಇದೆ, ನೆರಳು ನಡೆಯುತ್ತಿದೆ, ಎಡ ಭುಜ ಕೊಂಚ ಇಳಿಸಿ, ಭುಜಕ್ಕೆ ಸದಾ ಆ ಭಾರದ ಚೀಲ ಹಾಕುವವರ ನಡಿಗೆ, ನಿಂತೆ, ಅದೂ ನಿಂತಿತು, ಕೈ ನಿಧಾನಕ್ಕೆ ಕಿವಿಗೆ ಹೋಯಿತು, ಅಣಕವೇ ಇದು, ಇಷ್ಟೆಲ್ಲ ಆದಮೇಲೂ ಒಳಗೇ ಇದ್ದಾರೆ — ಫೋನ್, ಅಕ್ಕ, ಏನೇ ಅಂದೆ ಅವ್ರಿಗೆ, ಊಟಕ್ಕೂ ಕೂತ್ಕೊಳ್ದೆ ಕೀಲಿ ಹಿಡ್ಕೊಂಡು ಹೊರಟ್ರಲ್ಲೇ, ಕಂಪ್ಯೂಟರ್ ಬೇರೆ ಬಿಚ್ಚಿ ಅಟ್ಟಕ್ಕೆ ಹಾಕಿದಾರೆ, ಎಷ್ಟೊತ್ತಾಯ್ತಕ್ಕ, ಆಗ್ಲೇ ಹೋದ್ರು, ಬಂದಿರ್ಬೇಕು ನೋಡು ಅಲ್ಲಿಗೆ. ಅಟ್ಟಕ್ಕೆ ಹಾಕಿದ್ದಾರೆ, ಬೀದಿಯಲ್ಲಿದ್ದಾರೆ, ಹಾಗಾದರೆ ಇಲ್ಲಿ ಇರುವವರು ಯಾರು. ಎಡಕ್ಕೆ ಸರಿದೆ, ಅದೂ ಎಡಕ್ಕೆ, ನಿಂತೆ, ಅದೂ ನಿಂತಿತು. ಒಳಗೆ ಬಂದವರಿಗೆಲ್ಲ ಆಟ ತಾನಾಗಿಯೇ ಒಂದು ಮೈ ಕೊಡುತ್ತದೆ, ನನಗೂ ಕೊಟ್ಟಿತ್ತು, ಮೊದಲ ದಿನವೇ ಆ ಮೈಯನ್ನು ಮರೆಮಾಡಿದ್ದೆ, ಗಾಳಿಯಾಗಿ ತೇಲಬೇಕೆಂದು, ಮೈಯನ್ನು ಮಾತ್ರ ಮರೆಮಾಡಿದೆ, ಅದರ ನೆರಳನ್ನು ಮರೆಮಾಡಲು ಬೇರೆಯದೇ ಗುಂಡಿ, ಅದನ್ನು ಒತ್ತಲೇ ಇಲ್ಲ, ಮೊದಲೆಲ್ಲ ಹಜಾರದಲ್ಲಿ ದೀಪ ನನ್ನ ಹಿಂದಿನಿಂದ ಬಿದ್ದಿರಲಿಲ್ಲ, ಈಚೆಗೆ ದೀಪ ಜರುಗಿಸಿದೆ, ನೆರಳು ಬಿತ್ತು. ಆದರೆ ಆ ನಡಿಗೆ, ಆ ಕೈ — ಹಿಂದಿನ ಸಿನಿಮಾಕ್ಕೆ ನಡೆಯುವ ಮೈ ಬೇಕಿತ್ತು, ಅಕ್ಕನ ಮನೆಯ ಹಾಲಿನಲ್ಲಿ ಸೋಫಾ ಸರಿಸಿ, ನಡಿಗೆಯನ್ನು ಕಂಪ್ಯೂಟರಿಗೆ ಇಳಿಸುವ, ಮೈತುಂಬ ತಂತಿಯ ಬಿಗಿ ಬಟ್ಟೆ ತೊಟ್ಟು ನಡೆದವರು ಭಾವ, ಹೊಟ್ಟೆ ಎಳ್ಕೊಳ್ರೀ ಎಂದು ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು, ನನಗಾಗಿ ಮಧ್ಯಾಹ್ನವಿಡೀ ನಡೆದರು, ಸಾಕು ಭಾವ ಎಂದರೂ, ಇನ್ನೊಂದ್ಸಲ ತಗೋ, ಬೇಕಾಗುತ್ತೆ, ಸುಮ್ಮನೆ ನಿಲ್ಲುವುದನ್ನೂ ತೆಗೆದುಕೊಂಡೆ, ಆಮೇಲೆ ನನ್ನ ಆಟಗಳ ಮೈಗಳಿಗೆಲ್ಲ ಅದೇ ನಡಿಗೆ, ಅದೇ ನಿಲುವು, ಇಷ್ಟು ದಿನ ಅವರ ಮೈಯಲ್ಲೇ ಓಡಾಡುತ್ತಾ ಅವರನ್ನೇ ಕಳ್ಳನೆಂದೆ. ಮೆಟ್ಟಿಲ ಮೇಲೆ ಹೆಜ್ಜೆ, ಒಂದು ಹಗುರ ಒಂದು ಭಾರ, ಬಂದರು, ಏಳಬೇಕು, ಬಾಗಿಲು ತೆಗೆಯಬೇಕು, ಭಾವ ಎನ್ನಬೇಕು, ಬೆಲ್ ಒತ್ತುತ್ತಾರೆ, ಒತ್ತಿಯೇ ಒತ್ತುತ್ತಾರೆ, ಆಗ ಏಳುತ್ತೇನೆ — ಬಾಗಿಲ ಕೆಳಗಿನ ಸಂದಿಯಿಂದ ಕೀಲಿ ಜಾರಿ ಬಂತು, ನೆಲದ ಮೇಲೆ ಸಣ್ಣಗೆ ಸದ್ದು, ಹೆಜ್ಜೆಗಳು ಇಳಿಯುತ್ತಿವೆ, ಒಂದು ಹಗುರ ಒಂದು ಭಾರ, ಈಗ ಕೂಗಿದರೂ ಕೇಳಿಸುತ್ತದೆ, ಅವರಿಗೆ ಎಲ್ಲ ಕೇಳಿಸುತ್ತದೆ, ಕೂಗು, ಕೂಗೇ, ಗೋಡೆಯ ಮೇಲೆ ಆ ನೆರಳು ನನಗಾಗಿ ನಿಂತಿದೆ, ಬಲಗೈ ಕಿವಿಗೆ ಇಟ್ಟುಕೊಂಡು