ಕತ್ತರಿಯ ಪ್ಯಾಚನ್ನು ನೋಡುವವರು ಯಾರು?

ದಂತವೈದ್ಯೆಯ ಅಮ್ಮನಿಗೆ ಒಂದು ಕಾದಂಬರಿಯ ಮೊದಲ ಪುಟ ಬಾಯಿಪಾಠವಾಗಿಬಿಟ್ಟಿತ್ತು. ಪ್ರೀತಿಯಿಂದ ಕಲಿತದ್ದಲ್ಲ, ಗ್ರಹಚಾರ. ಕಣ್ಣು ಮಂಜಾದ ಮೇಲೆ ಅವಳು ಟ್ಯಾಬ್ಲೆಟ್ಟಿನಲ್ಲೇ ಓದುತ್ತಿದ್ದಳು. ಅಕ್ಷರ ದೊಡ್ಡದು ಮಾಡಿದಾಗಲೆಲ್ಲ ಆ ಓದುವ ತಂತ್ರಾಂಶ ಮೊದಲ ಪುಟಕ್ಕೇ ಹಾರುತ್ತಿತ್ತು.

"ಈ ಜನ್ಮದಲ್ಲಿ ಎರಡನೇ ಅಧ್ಯಾಯ ನೋಡ್ತೀನೇನೇ?"

ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಹಲ್ಲು ಕಿತ್ತು ಮಿಕ್ಕ ಹೊತ್ತಿನಲ್ಲಿ ಕೋಡ್ ಬರೆಯುವ ಚಪಲ ಮಗಳಿಗಿತ್ತು. ದೋಷ ಹುಡುಕಿ, ನಾಲ್ಕು ಸಾಲು ತಿದ್ದಿ ಅಮ್ಮನ ಟ್ಯಾಬ್ಲೆಟ್ಟಿಗೆ ಹಾಕಿದಳು. ಮುಂದಿನ ಅಪ್‌ಡೇಟ್ ಬಂತು, ತಿದ್ದಿದ್ದೆಲ್ಲ ನೀರುಪಾಲು. ಅದು ಉಳಿಯಬೇಕಾದರೆ ಮೂಲ ಕೋಡಿಗೇ ಸೇರಬೇಕು. ಸೇರಬೇಕಾದರೆ ಕತ್ತರಿ ಒಪ್ಪಬೇಕು.

ಕತ್ತರಿ ಎಂದರೆ ಹೀಗೆ ಬಂದ ತಿದ್ದುಪಡಿಗಳನ್ನೆಲ್ಲ, ಅಂದರೆ ಪ್ಯಾಚುಗಳನ್ನೆಲ್ಲ, ಪರಿಶೀಲಿಸುವ ಹಿರಿಯನಿಗೆ ಅಲ್ಲಿನವರು ಇಟ್ಟ ಅಡ್ಡಹೆಸರು. ಅವಳು ಕಳಿಸಿದ ಪ್ಯಾಚಿಗೆ ಅವನ ಉತ್ತರ ಹೀಗಿತ್ತು: "ಒಂದು ಪ್ಯಾಚಿನಲ್ಲಿ ಒಂದೇ ಕೆಲಸ. ಪರೀಕ್ಷೆ ಎಲ್ಲಿ?" ಕೈ ಹಾಕಿದ್ದೇನೆ ಹೇಗೂ ಎಂದು ಅವಳು ಪರದೆಯ ಮೇಲಿನ ಒಂದು ಗುಂಡಿಯ ಬಣ್ಣವನ್ನೂ ಬದಲಿಸಿದ್ದಳು. ಅದನ್ನು ತೆಗೆದಳು, ತಿದ್ದಿದ್ದು ಸರಿಯಿದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಯ ಕೋಡ್ ಬರೆದಳು, ಮತ್ತೆ ಕಳಿಸಿದಳು. ಆಗ ಬಂದದ್ದು ಅಲ್ಲಿನ ಕಟ್ಟಳೆ: ನಿಮ್ಮದನ್ನು ಒಪ್ಪಬೇಕಾದರೆ ಮೊದಲು ನೀವು ಇನ್ನೊಬ್ಬರದನ್ನು ಪರಿಶೀಲಿಸಿ.

ಕಾದಿದ್ದ ಪ್ಯಾಚುಗಳನ್ನೆಲ್ಲ ಆಗಲೇ ಯಾರ್ಯಾರೋ ಹಂಚಿಕೊಂಡಿದ್ದರು. ಒಂದು ಮಾತ್ರ ಯಾವ ಕಾಲದಿಂದಲೋ ಅನಾಥವಾಗಿ ಬಿದ್ದಿತ್ತು. ಅದು ಕತ್ತರಿಯದೇ! ತನ್ನದನ್ನು ತಾನೇ ಒಪ್ಪಿಕೊಳ್ಳುವ ಹಾಗಿರಲಿಲ್ಲ. ಹುಲಿಯ ಬಾಯಿಗೆ ಕೈ ಹಾಕುವವರು ಯಾರು? ಬಾಯಿಗೆ ಕೈ ಹಾಕುವುದೇ ದಂತವೈದ್ಯೆಯ ಕಸುಬು, ತೆರೆದು ನೋಡಿದಳು. ಒಂದೇ ಪ್ಯಾಚಿನಲ್ಲಿ ಮೂರು ಕೆಲಸ. ಪರೀಕ್ಷೆಯ ಸುಳಿವೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಏನು ಬರೆಯಲಿ ಎಂದು ಅಮ್ಮನನ್ನು ಕೇಳಿದಳು.

"ಚೆನ್ನಾಗಿದೆ ಅಂತ ಬರೆದುಬಿಡೇ," ಎಂದಳು ಅಮ್ಮ. "ಇಲ್ಲದಿದ್ರೆ ನಿನ್ನದನ್ನ ಮೂಲೆಗೆ ತಳ್ತಾನೆ. ನನ್ನ ಕಾದಂಬರಿ ಗತಿ?"

"ಹುಳುಕು ಹಲ್ಲನ್ನ ಚೆನ್ನಾಗಿದೆ ಅಂತ ಹೇಗಮ್ಮ ಹೇಳ್ಲಿ?"

ಅವನ ಮಾತನ್ನೇ ಅವನಿಗೆ ಬರೆದಳು: ಒಂದು ಪ್ಯಾಚಿನಲ್ಲಿ ಒಂದೇ ಕೆಲಸ, ಪರೀಕ್ಷೆ ಎಲ್ಲಿ? ಕಳಿಸಿದ ಮೇಲೆ ಊಟದ ನಡುವೆಯೂ ಉತ್ತರ ಬಂತೇ ಎಂದು ತೆರೆದು ತೆರೆದು ನೋಡಿದಳು.

ಎರಡು ಸಾಲಿಗಿಂತ ಹೆಚ್ಚು ಬರೆಯದವನು ಉದ್ದದ ಉತ್ತರ ಬರೆದಿದ್ದ. "ನನಗೆ ಹೆದರಿ ಇದನ್ನು ಯಾರೂ ಮುಟ್ಟಲಿಲ್ಲ. ಕಾದು ಕಾದು, ಇದು ಯಾರಿಗೂ ಬೇಡವೇನೋ ಅಂದುಕೊಂಡಿದ್ದೆ. ಬೈಯುವುದಕ್ಕಾದರೂ ಒಬ್ಬರು ಓದಿದಿರಲ್ಲ, ಸಂತೋಷ. ತಿದ್ದಿ ಕಳಿಸುತ್ತೇನೆ." ಕೆಳಗೆ ಅವಳ ಪ್ಯಾಚಿಗೆ: "ಪರೀಕ್ಷೆ ಇನ್ನಷ್ಟು ಗಟ್ಟಿಯಿರಬೇಕಿತ್ತು. ಹೋಗಲಿ, ಒಪ್ಪಿದೆ." ಕತ್ತರಿಯ ಬಾಯಲ್ಲಿ 'ಹೋಗಲಿ' ಎಂಬ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಹೊಸ ಅಪ್‌ಡೇಟ್ ಬಂದ ದಿನ ಅವಳು ಕ್ಲಿನಿಕ್ಕಿನಿಂದ ಓಡೋಡಿ ಬಂದಳು. ಅಮ್ಮ ಕಿಟಕಿಯ ಬಳಿ ಕೂತಿದ್ದಳು, ಪರದೆಯಲ್ಲಿ ಹೆಬ್ಬೆರಳು ಗಾತ್ರದ ಅಕ್ಷರ.

"ಅಮ್ಮಾ, ಈಗ ಪುಟ ಹಾರ್ತಾ ಇಲ್ಲ ತಾನೆ?"

ಅಮ್ಮ ತಲೆ ಎತ್ತಲಿಲ್ಲ, ಕೈ ಮಾತ್ರ ಎತ್ತಿದಳು. "ಶ್! ಆಮೇಲೆ ಮಾತಾಡು. ಇಲ್ಲಿ ಮದುವೆ ಮುರಿದು ಬೀಳ್ತಾ ಇದೆ."

ಮಗಳು ಚಪ್ಪಲಿಯನ್ನೂ ಬಿಡದೆ ಎದುರಿಗೆ ಕೂತು, ಅಮ್ಮ ಓದುವುದನ್ನೇ ನೋಡುತ್ತಿದ್ದಳು.