ಏರು ಹತ್ತದ ಕಾರು

ಕುಣಿಯಲಾರದ ಕಾರಿಗೆ ಗುಡ್ಡ ಡೊಂಕಂತೆ. ಗಾದೆ ಹೀಗಿಲ್ಲ ಎಂದು ತಕರಾರು ತೆಗೆಯುವವರು ಗಜೇಂದ್ರಗಡಕ್ಕೆ ಬಂದು ಪ್ರಭುಲಿಂಗಪ್ಪನವರ ಎದುರು ತೆಗೆಯಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಯಾಕೆಂದರೆ ಇದು ನಡೆದದ್ದು ಹಾಡಹಗಲು, ರೋಣ ರಸ್ತೆಯ ವಸೀಮನ ಗ್ಯಾರೇಜಿನಲ್ಲಿ.

ಪ್ರಭುಲಿಂಗಪ್ಪ ಕಾಳಿನ ವ್ಯಾಪಾರಿ. ಅಪ್ಪ ಕೊಂಡಿದ್ದ ಎಪ್ಪತ್ತು ವರ್ಷದ ಕಪ್ಪು ಕಾರು ಅವರ ಪಾಲಿಗೆ ಅಂಗಡಿಯ ಇನ್ನೊಂದು ಗಾದಿ. ಚಪ್ಪಲಿ ಬಿಟ್ಟೇ ಒಳಗೆ ಕಾಲಿಡಬೇಕು. ಅಪ್ಪ ಕಾಲಡಿಗೆ, ಪೆಡಲಿನ ಬುಡ ಮುಚ್ಚುವಂತೆ ಹಾಸಿದ್ದ ಜಮಖಾನೆಯನ್ನು ಸರಿಸುವಂತಿಲ್ಲ. ಗಾದಿಯ ಮೇಲೆ ಯಜಮಾನನಲ್ಲದೆ ಬೇರೆಯವರು ಹೇಗೆ ಕೂರುವುದಿಲ್ಲವೋ ಹಾಗೆ ಡ್ರೈವರ್ ಸೀಟಿನಲ್ಲೂ. ರಿಪೇರಿಯವರ ಹಕ್ಕು ಬಾನೆಟ್ಟಿನವರೆಗೆ ಮಾತ್ರ. ಜಗತ್ತಿನಲ್ಲಿ ಒಬ್ಬನೇ ಒಬ್ಬನಿಗೆ ಈ ಕಾಯಿದೆ ಮಾಫಿ ಇತ್ತು: ರಾಜೂರಿನ ಕಳಕಪ್ಪ, ಒಂದನೆಯ ಇಯತ್ತೆಯಿಂದ ಜೊತೆಗಾರ.

ಹನ್ನೊಂದು ವರ್ಷದ ಹಿಂದೆ ಆ ಕಾರು ಇದ್ದಕ್ಕಿದ್ದಂತೆ ಗುಡ್ಡದ ಏರಿನಲ್ಲಿ ಮುಕ್ಕರಿಯತೊಡಗಿತು. ಅರ್ಧ ಹತ್ತುವಷ್ಟರಲ್ಲಿ ಕಳಕಪ್ಪನ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತ ದಾಟಿ ಹೋಗುತ್ತಿತ್ತು. ಅದುವರೆಗೆ ಕಾರು ನೋಡಿಕೊಳ್ಳುತ್ತಿದ್ದ ವಸೀಮನದೇ ತಪ್ಪೆಂದು ಪ್ರಭುಲಿಂಗಪ್ಪ ನಾಲ್ಕು ಮಂದಿಯ ಎದುರು ಅವನನ್ನು ಬೈದು, ಅವನ ಗ್ಯಾರೇಜಿಗೆ ಕಾಲಿಡುವುದನ್ನೇ ಬಿಟ್ಟರು. ನರಗುಂದದ ಮಿಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಿದ. ಹುಬ್ಬಳ್ಳಿಯವನು ಎಂಜಿನ್ನನ್ನೇ ಬಿಚ್ಚಿದ. ಕಡೆಗೆ ಕಳಕಪ್ಪನೇ ಟಾವೆಲ್ಲನ್ನು ಕೊರಳಿಗೆ ಹಾಕಿಕೊಂಡು, ದವಾಖಾನೆಯ ಡಾಕ್ಟರನ ದನಿ ತೆಗೆದು, ಮೂಗಿನಲ್ಲಿ ಹೇಳಿದ್ದ: "ವಯಸ್ಸಾಗೇತ್ರಿ. ಇನ್ನ ಏರು ಹತ್ತಸಬ್ಯಾಡ್ರಿ. ಮನಿಯವ್ರು ಧೈರ್ಯಾ ತಗೋಬೇಕ್ರಿ." ಆಗ ಪ್ರಭುಲಿಂಗಪ್ಪನವರೂ ನಕ್ಕಿದ್ದರು.

ಈ ಸೋಮವಾರ ಕಾರು ಹುಬ್ಬಳ್ಳಿಯ ಒಂದು ಹೋಟೆಲ್ಲಿನ ಬಾಗಿಲಿಗೆ ಹೋಗುವುದಿತ್ತು, ಜನ ಒರಗಿ ನಿಂತು ಫೋಟೊ ತೆಗೆಸಿಕೊಳ್ಳಲಿಕ್ಕೆ. ಏರು ಹತ್ತದ ಕಾರನ್ನು ಬಿಟ್ಟುಕೊಡುವುದಾಗಿ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ಪೆಡಲಿನಿಂದ ಕಾರ್ಬ್ಯುರೇಟರಿಗೆ ಹೋಗುವ ಸರಳಿನ ತುದಿಯ ಗುಂಡು ಸವೆದು ಕಳಚಿಬಿತ್ತು.

"ಹಗ್ಗಾ ಕಟ್ಟಿ ಕಳಸಂಗಿಲ್ಲ. ತನ್ನ ಕಾಲ್ಮ್ಯಾಲ ತಾ ಹೋಗ್ಲಿ," ಎಂದು ಪ್ರಭುಲಿಂಗಪ್ಪ ಹಟ ಹಿಡಿದರು. ಅಂಥ ಗುಂಡನ್ನು ಕೈಯಲ್ಲಿ ಉಜ್ಜಿ ಮಾಡಬಲ್ಲವನು ಸುತ್ತಮುತ್ತ ವಸೀಮನೊಬ್ಬನೇ. ಅಭಿಮಾನ ನುಂಗಿ, ಹಮಾಲರಿಂದ ಕಾರು ದಬ್ಬಿಸಿಕೊಂಡು, ಕಳಕಪ್ಪನನ್ನು ಜೊತೆಗಿಟ್ಟುಕೊಂಡು ಬಂದರು.

ವಸೀಮ ಹಳೆಯದನ್ನು ಎತ್ತಲಿಲ್ಲ. ಅರ ಹಿಡಿದು ಹಿತ್ತಾಳೆಯ ಗುಂಡು ಉಜ್ಜಿದ, ಸರಳಿಗೆ ಕೂಡಿಸಿದ, ಸ್ಪ್ರಿಂಗ್ ಬಿಗಿದ. ಬಾನೆಟ್ಟಿನೊಳಗೆ ತಲೆ ಹಾಕಿ ಕೂಗಿದ:

"ತುಳೀರಿ ಸಾವ್ಕಾರ್ರ. ಹಾಂ... ಪೂರಾ ತುಳೀರಿ."

"ಪೂರಾನ ತುಳದೇನಿ."

"ಇಲ್ರಿ, ಇಲ್ಲಿ ಅರ್ಧಾನ ತೆರದೈತಿ."

"ನನ್ನ ಕಾಲಿಗೆ ಗೊತ್ತಾಗೂದಿಲ್ಲೇನೋ? ನೆಲಾ ಮುಟ್ಟೇತಿ!"

ವಸೀಮ ಕೈ ಒರೆಸಿಕೊಂಡು ಬಾಗಿಲಿಗೆ ಬಂದ. "ಸಿಟ್ಟಾಗಬ್ಯಾಡ್ರಿ. ಆ ಜಮಖಾನಿ ಒಂಚೂರು ಎತ್ತಲೇನ್ರಿ?"

ಪಕ್ಕದ ಸೀಟಿನಲ್ಲಿದ್ದ ಕಳಕಪ್ಪ ತಟ್ಟನೆ ಕೆಳಗಿಳಿದ. "ನಂಗ ರೋಣದಾಗ ಕೆಲ್ಸೈತೋ ಪ್ರಭೂ. ಬಸ್ ಬರೂ ಹೊತ್ತಾತು."

ಜಮಖಾನೆ ಎತ್ತಿದರೆ, ಪೆಡಲಿನ ಬೆನ್ನಿಗೆ ತಂತಿ ಸುತ್ತಿ ಬಿಗಿದ ಜಾಲಿ ಕಟ್ಟಿಗೆಯ ತುಂಡೊಂದು ಕೂತಿತ್ತು. ಪೆಡಲು ಅರ್ಧ ಇಳಿದರೆ ಅದು ನೆಲಕ್ಕೆ ಬಡಿಯುತ್ತಿತ್ತು, ಅಷ್ಟೇ.

ಯಾರ ಕೆಲಸವೆಂದು ಪ್ರಭುಲಿಂಗಪ್ಪ ಯಾರನ್ನೂ ಕೇಳಲಿಲ್ಲ. ಆ ಗಾದಿಯ ಮೇಲೆ ಕೂತವರು ಇಬ್ಬರೇ. ಒಬ್ಬರು ತಾವು.

"ಕಳಕ್ಯಾ."

"ಒಂದ ದಿನದ ಚ್ಯಾಷ್ಟಿ ಇತ್ತೋ. ಸಂಜಿಕ ತೆಗೀಬೇಕಂತ ಬಂದೆ. ನೀ ಬಾನೆಟ್ ಮ್ಯಾಲ ಕೈ ಇಟ್ಟು ಅಳಕೋಂತ ಕೂತಿದ್ದಿ. ಅಳಾಂವಗ ಹ್ಯಾಂಗ ಹೇಳ್ಲಿ? ನಾಳೆ ಹೇಳಿದ್ರಾತು ಅಂದೆ. ಮರದಿನ ನೀ ವಸೀಮನ್ನ ಬೈದಿ. ಆಮ್ಯಾಲ ಹೇಳಿದ್ರ ಇಂವನೂ ನನ್ನ ಬಡೀತಾನ ಅನಿಸ್ತು."

"ಬಡೀತಿದ್ದೆ," ಎಂದ ವಸೀಮ.

"ಸೋಮವಾರ ಗಾಡಿ ಕೊಡಾಕ್ಹತ್ತಿದ್ನೆಲ್ಲೋ. ಈಗರ ಹೇಳಬಾರದಿತ್ತೇನೋ?" ಎಂದರು ಪ್ರಭುಲಿಂಗಪ್ಪ.

ಟ್ರ್ಯಾಕ್ಟರು ದಾಟಿ ಹೋದದ್ದಲ್ಲ ಅವರನ್ನು ಇರಿದದ್ದು. ತಾವು ಸೋತಾಗಲೆಲ್ಲ ಏರಿನ ಮೇಲೆ ಕಾದು ನಿಂತು, ಕುಡಿಯಲು ನೀರು ಕೊಟ್ಟು, "ಹೋಗ್ಲಿ ಬಿಡೋ, ನಮಗೂ ವಯಸ್ಸಾತಲ್ಲ" ಎಂದು ಬೆನ್ನು ಸವರುತ್ತಿದ್ದ ಕೈಯೇ ಆ ತುಂಡನ್ನೂ ಕಟ್ಟಿತ್ತು. ಆ ಮಾತನ್ನು ನಂಬಿ ಅವರು ನಿಜಕ್ಕೂ ಮುದುಕರಾಗಿದ್ದರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಕಲಿತಿದ್ದರು.

ಕಾರಿನಿಂದ ಇಳಿದು ವಸೀಮನಿಗೆ ಕೈಮುಗಿದರು. "ತಪ್ಪಾತಪಾ."

"ಬಿಡ್ರಿ ಅದನ್ನ. ಮೊದ್ಲ ಈ ಹಾಳ ತುಂಡ ತೆಗೀತೀನಿ." ಇಕ್ಕಳ ಹಾಕಿ ತಂತಿ ಕತ್ತರಿಸಿದ.

"ಹತ್ತು," ಎಂದರು ಪ್ರಭುಲಿಂಗಪ್ಪ, ಕಳಕಪ್ಪನ ಮುಖ ನೋಡದೆ.

"ನನ್ನ ಬಸ್ಸು..."

"ಹತ್ತಲೇ."

ಕಳಕಪ್ಪ ಹತ್ತಿದ, ಕಾರು ಗುಡ್ಡದ ಬುಡಕ್ಕೆ ಬಂತು. ಹನ್ನೊಂದು ವರ್ಷದಿಂದ ಪ್ರಭುಲಿಂಗಪ್ಪನವರ ಬಲಗಾಲಿಗೆ ಒಂದೇ ರೂಢಿ: ಏರು ಕಂಡರೆ ನೆಲಕ್ಕೆ ಒತ್ತುವುದು. ಒತ್ತಿತು. ಕಾರು ಮುಕ್ಕರಿಯಲಿಲ್ಲ, ದಾವಣಿ ಹರಿದ ಹೋರಿಯಂತೆ ನೆಗೆಯಿತು. ಕಳಕಪ್ಪನ ಟೊಪ್ಪಿಗೆ ಕಿಟಕಿಯಿಂದ ಹಾರಿತು. "ಕಾಲ್ ತಗಿಯೋ! ಯಪ್ಪಾ ಕಾಲಕಾಲೇಶ್ವರಾ!" ಎಂದು ಗೆಳೆಯನ ಕಾಲು ಬಿಡಿಸಲು ದೇವರ ಕಾಲು ಹಿಡಿದ. ಕಾರು ಏರನ್ನು ನುಂಗಿ ನೀರು ಕುಡಿದು, ಮೇಲಿನ ತಿರುವಿನಲ್ಲಿ ಮಾತ್ರ ತಿರುಗದೆ, ರಸ್ತೆಯ ಬದಿಯ ಜೋಳದ ಬಣವೆಗೆ ಮೂತಿ ತೂರಿಸಿ ನಿಂತಿತು.

ತಲೆ, ಮೀಸೆ, ಎಲ್ಲೆಲ್ಲೂ ಜೋಳದ ಒಣ ಎಲೆ, ರವದಿ. ಆಮೇಲೆ ಏನೋ ಬಿಕ್ಕಿದಂತೆ ಕೇಳಿತು. ಕಳಕಪ್ಪ ಅಳುತ್ತಿದ್ದಾನೆ ಎಂದುಕೊಂಡರು ಪ್ರಭುಲಿಂಗಪ್ಪ. ಅಲ್ಲ, ಅದು ತಮ್ಮ ಗಂಟಲಿನಿಂದಲೇ ಬರುತ್ತಿತ್ತು. ನಗು. ಬೈಕಿನಲ್ಲಿ ಬೆನ್ನು ಹತ್ತಿ ಬಂದ ವಸೀಮ ಬಾಗಿಲು ಎಳೆದಾಗ ಅವರು ಸ್ಟೇರಿಂಗಿನ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡಿದ್ದರು.

"ವಸೀಮಾ, ಹುಬ್ಬಳ್ಳಿ ಹೋಟೆಲ್ಲಿನಾಂವಗ ಫೋನ್ ಹಚ್ಚು! ಗಾಡಿ ಕೊಡಂಗಿಲ್ಲ ಅನ್ನು! ಹತ್ತೇತಿ, ನಮ್ಮ ಗಾಡಿ ಹತ್ತೇತಿ!"

ವಸೀಮ ನಕ್ಕ. ಧೈರ್ಯ ಬಂದು ಕಳಕಪ್ಪನೂ ಮೆಲ್ಲಗೆ ಹಲ್ಲು ಬಿಟ್ಟ.

"ನೀ ನಗಬ್ಯಾಡಲೇ," ಎಂದರು ಪ್ರಭುಲಿಂಗಪ್ಪ. "ಇಷ್ಟ ವರ್ಷ ನೀ ಒಬ್ಬನ ನಕ್ಕೀದಿ. ಈಗ ನಂದು."

ಕಣ್ಣಿಂದ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳದೆ, ಮೊದಲಿಗಿಂತ ಜೋರಾಗಿ ನಕ್ಕರು.